ಅರ್ಜಿ ಅಂದರೆ ಉದ್ರಿ: ಶಾಸಕರ ಕಚೇರಿಯಲ್ಲಿ ಕಿರ್ದಿ-ಖತಾವಣಿ ಇಟ್ಟ ನನ್ನ ಅನುಭವ

ಮೊನ್ನೆ ಚಳಿಗಾಲದ ಅಧಿವೇಶನಕ್ಕೆ ಬೆಳಗಾವಿಗೆ ಹೋಗಿದ್ದೆ. ಸುವರ್ಣ ವಿಧಾನಸೌಧದ ಹೊರಗೆ ಚಹಾ ಕುಡಿಯುತ್ತಾ ನಿಂತಾಗ ನಮ್ಮಂಥ ಆಪ್ತ ಸಹಾಯಕರು ನಾಲ್ಕೈದು ಜನ ಬಂದು ಸೇರಿದರು. 2023ರ ಡಿಸೆಂಬರಿನಲ್ಲಿ ಅಲ್ಲೇ ನಿಂತು ಇವರೇ ನನ್ನನ್ನು ಕೇಳಿದ್ದರು, "ಅರ್ಜಿ ಬರದಿಟ್ರ ವೋಟ್ ಬರ್ತಾವೇನ್ರಿ?" ಅಂತ. ಈ ಸಲ ಮಾತು ಬೇರೆ ಇತ್ತು. "ಆ ವಹಿ ಹೆಂಗ ಇಡ್ತೀರಿ, ಒಂಚೂರು ಹೇಳ್ರಲಾ." ವಹಿ ಅಂದರೆ ಲೆಕ್ಕದ ಪುಸ್ತಕ. ನಮ್ಮ ಶಾಸಕರ ಕಚೇರಿಗೆ ಬರುವ ಜನರ ಅರ್ಜಿಗಳನ್ನು ನಾನು ಅಂಗಡಿಯ ಲೆಕ್ಕದಂತೆ ವಹಿಯಲ್ಲಿ ಬರೆದಿಡುತ್ತೇನೆ. ಚಹಾ ಮುಗಿಯುವುದರೊಳಗೆ ಹೇಳುವಂಥದ್ದಲ್ಲ ಅದು. ಅದಕ್ಕೆ ಕೂತು ಬರೆಯುತ್ತಿದ್ದೇನೆ.

ಧಾರವಾಡ, ಗದಗ, ಹಾವೇರಿ ಈ ಮೂರು ಜಿಲ್ಲೆಯೊಳಗೆ ಎಲ್ಲೋ ಒಂದು ಕಡೆ ನಮ್ಮದೊಂದು ಹಳ್ಳಿಗಾಡಿನ ಕ್ಷೇತ್ರ. ಯಾವುದು ಅನ್ನುವುದು ಬೇಡ. "ಕೆಲಸದ ಬಗ್ಗೆ ಬರೀರಿ, ನನ್ನ ಹೆಸರು ಬ್ಯಾಡ" ಅಂತ ಸಾಹೇಬರು, ಅಂದರೆ ನಮ್ಮ ಶಾಸಕರು ಹೇಳಿದ್ದಾರೆ. ಎಪ್ಪತ್ನಾಲ್ಕು ಹಳ್ಳಿ, ಒಂದು ಸಣ್ಣ ಪಟ್ಟಣ. ಹೆಚ್ಚಿನದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಬೆಳೆ ಹೆಸರುಕಾಳು, ಶೇಂಗಾ, ಹತ್ತಿ, ಹಿಂಗಾರಿಗೆ ಕಡ್ಲಿ, ಜೋಳ. ನಾನು ಇಲ್ಲಿಗೆ ಬರುವ ಮುಂಚೆ ಹದಿನಾರು ವರ್ಷ ಗದಗಿನ ಎಪಿಎಂಸಿ ಮಾರುಕಟ್ಟೆಯಲ್ಲಿ ಒಂದು ಅಡತಿ ಅಂಗಡಿಯ, ಅಂದರೆ ರೈತರ ಮಾಲು ಮಾರಿಸಿಕೊಡುವ ದಲಾಲಿ ಅಂಗಡಿಯ ಲೆಕ್ಕ ಬರೆದವನು. ಈ ಅನುಭವವೇ ಮುಂದೆ ಕೈ ಹಿಡಿಯಿತು.

2023ರ ಮೇ 13ಕ್ಕೆ ವಿಧಾನಸಭೆ ಚುನಾವಣೆಯ ಫಲಿತಾಂಶ ಬಂತು. ಜೂನ್ ಮುಗಿಯುವುದರೊಳಗೆ ಕಚೇರಿಯಲ್ಲಿ ಎರಡು ಗೋಣಿಚೀಲ ತುಂಬ ಅರ್ಜಿ. ನಿಮಗೂ ಇದು ಗೊತ್ತಿರುವ ಸಂಗತಿಯೇ, ಅಲ್ವಾ? ಹಾರದ ಜೊತೆಗೆ ಅರ್ಜಿ ಬರುತ್ತದೆ. ಸಾಹೇಬರು ಅದನ್ನು ಹಿಂದೆ ನಿಂತವರ ಕೈಗೆ ಕೊಡುತ್ತಾರೆ, ಅವರು ಜೇಬಿಗೆ ಇಡುತ್ತಾರೆ. ಅಂಗಿ ಒಗೆಯಲು ಹಾಕಿದಾಗ ಅರ್ಜಿಯೂ ಹೋಗುತ್ತದೆ.

ಮೊದಲ ಆರು ತಿಂಗಳು ನಾನು ಮಾಡಿದ್ದೆಲ್ಲ ಕೆಟ್ಟಿತು. ಮೊದಲು ಕಂಪ್ಯೂಟರ್ ಹಿಡಿದೆ. ಹುಬ್ಬಳ್ಳಿಯ ಒಬ್ಬ ಹುಡುಗನ ಕಡೆಯಿಂದ ಸಾಫ್ಟ್‌ವೇರ್ ಬರೆಸಿದೆವು. 38,000 ರೂಪಾಯಿ. ನೋಡಲು ಚೆಂದ ಇತ್ತು, ಬಣ್ಣಬಣ್ಣದ ಚಕ್ರ ಬರುತ್ತಿತ್ತು. ಆದರೆ ನಮ್ಮ ಕಡೆ ಒಂದೇ ಊರಿನಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನವರು ಹನ್ನೊಂದು ಜನ ಸಿಗುತ್ತಾರೆ. ಯಾರ ಅರ್ಜಿ ಯಾರದು ಅಂತ ಗೊತ್ತಾಗದೆ ಒಬ್ಬರ ಕೆಲಸ ಆಗಿದ್ದನ್ನು ಇನ್ನೊಬ್ಬರಿಗೆ ತಿಳಿಸಿದೆವು. ನಾಲ್ಕು ತಿಂಗಳಿಗೆ ಆ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಸರಿಪಡಿಸುವವರು ಇಲ್ಲದೆ ಅದು ಅಲ್ಲಿಗೇ ನಿಂತಿತು.

ಆಮೇಲೆ ವಾಟ್ಸಾಪ್ ನಂಬರ್ ಕೊಟ್ಟೆವು. ಮೊದಲ ವಾರದಲ್ಲೇ ಮೂರು ಸಾವಿರದಷ್ಟು ಸಂದೇಶ. ಅದರಲ್ಲಿ ಶುಭೋದಯ, ದೇವರ ಫೋಟೊ, ಯಾರೋ ಬರೆದ ರಾಜಕೀಯದ ಪುರಾಣ. ನಿಜವಾದ ದೂರು ನೂರೈವತ್ತು ಇದ್ದಿರಬಹುದು. ಅದನ್ನು ಹೆಕ್ಕುವುದರಲ್ಲೇ ದಿನ ಹೋಗುತ್ತಿತ್ತು. ಜೊತೆಗೆ ಯಾರಿಗೆ ನಿಜವಾಗಿ ಕಷ್ಟ ಇತ್ತೋ ಅವರ ಹತ್ತಿರ ಅಂಥ ಫೋನೇ ಇರಲಿಲ್ಲ.

ಮೂರನೆಯದು ಶಿಫಾರಸು ಪತ್ರ. ಬಂದವರಿಗೆಲ್ಲ ಲೆಟರ್‌ಹೆಡ್ ಮೇಲೆ ಬರೆದುಕೊಟ್ಟೆವು. ದಿನಕ್ಕೆ ನಲವತ್ತು, ಐವತ್ತು. ಜನ ಖುಷಿಯಾಗಿ ಹೋಗುತ್ತಿದ್ದರು. ಒಂದು ದಿನ ಯಾವುದೋ ಕೆಲಸಕ್ಕೆ ಒಂದು ಕಚೇರಿಗೆ ಹೋದಾಗ ನಮ್ಮ ಪತ್ರಗಳ ಒಂದು ಕಟ್ಟು ಕಿಟಕಿ ಬಡಿಯದಂತೆ ಸಂದಿಗೆ ಸಿಕ್ಕಿಸಿದ್ದು ಕಂಡಿತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಲ್ಲರಿಗೂ ಕೊಟ್ಟ ಪತ್ರ ಯಾರಿಗೂ ಕೊಡದ ಪತ್ರದಂತೆಯೇ. ಆ ಅಧಿಕಾರಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ತಪ್ಪು ನಮ್ಮ ಕಡೆಯೇ ಇತ್ತು.

ಅದೇ ರಾತ್ರಿ ಅಡತಿ ಅಂಗಡಿ ನೆನಪಾಯಿತು. ಅಲ್ಲಿ ರೈತ ಚೀಲ ಇಳಿಸಿದರೆ ಅದು ಕಿರ್ದಿಗೆ, ಅಂದರೆ ದಿನದ ಲೆಕ್ಕದ ವಹಿಗೆ ಬರಬೇಕು. ಅವತ್ತೇ ಬರಬೇಕು. ಕಿರ್ದಿಯಿಂದ ಅವನ ಖಾತೆಗೆ, ಅಂದರೆ ಖತಾವಣಿಗೆ ಹೋಗಬೇಕು. ಹಣ ಕೊಡುವತನಕ ಬಾಕಿ ಬಾಕಿಯೇ. ವರ್ಷ ಮುಗಿದರೂ ಬಾಕಿ ಅಳಿಸುವುದಿಲ್ಲ, ಮುಂದಿನ ವಹಿಗೆ ತರುತ್ತೇವೆ. ಅರ್ಜಿಯೂ ಹಾಗೆಯೇ ಅಂತ ನನಗೆ ಅನಿಸಿತು. ಆತ ಬಂದು ಕೊಟ್ಟಿದ್ದಾನೆ, ನಾವು ಇಸಕೊಂಡಿದ್ದೇವೆ. ಅದು ನಮ್ಮ ಮೇಲಿನ ಉದ್ರಿ, ಅಂದರೆ ಸಾಲ. ತೀರಿಸಬೇಕು, ಇಲ್ಲದಿದ್ದರೆ ತೀರಿಸಲು ಆಗುವುದಿಲ್ಲ ಅಂತ ಮುಖಕ್ಕೆ ಹೇಳಬೇಕು.

ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ಕೆಂಪು ಬಟ್ಟೆಯ ರಟ್ಟಿನ ಆರು ವಹಿ ತಂದೆ. ಎಲ್ಲ ಸೇರಿ ನಾಲ್ಕು ಸಾವಿರದ ಒಳಗೆ. ಆ ವರ್ಷ ದೀಪಾವಳಿ ಪಾಡ್ಯ ನವೆಂಬರ್ 14ಕ್ಕೆ ಬಂದಿತ್ತು. ವ್ಯಾಪಾರಸ್ಥರು ವಹಿಪೂಜೆ ಮಾಡುವ ಹೊತ್ತಿಗೆ ನಮ್ಮ ಕಚೇರಿಯಲ್ಲೂ ಮಾಡಿದೆವು. ಕಾರ್ಯಕರ್ತರು ಅಸಮಾಧಾನಪಟ್ಟರು. "ಇದು ಶಾಸಕರ ಆಫೀಸು, ದಲಾಲಿ ಅಂಗಡಿ ಅಲ್ಲ" ಅಂದವರೂ ಇದ್ದರು.

ಪದ್ಧತಿ ಇಷ್ಟೇ. ಕಿರ್ದಿ ಒಂದು, ದಿನದ ಪ್ರಕಾರ. ಖತಾವಣಿ ಐದು, ಊರಿನ ಪ್ರಕಾರ. ಒಂದು ಊರಿಗೆ ಎಂಟರಿಂದ ಇಪ್ಪತ್ತು ಪುಟ. ಎಡಕ್ಕೆ ಊರಿನವರು ಕೇಳಿದ್ದು, ಬಲಕ್ಕೆ ನಾವು ಕೊಟ್ಟಿದ್ದು. ಬಲಗಡೆ "ಪತ್ರ ಬರೆಯಲಾಗಿದೆ" ಅಂತ ಬರೆಯುವ ಹಾಗಿಲ್ಲ. ಪತ್ರ ಬರೆದರೆ ಬಾಕಿ ತೀರುವುದಿಲ್ಲ. ಪಿಂಚಣಿ ಖಾತೆಗೆ ಬಿತ್ತು, ಕಂಬ ನಿಂತಿತು, ಬಸ್ ಬಂತು, ಅಥವಾ "ಆಗುವುದಿಲ್ಲ ಎಂದು ತಿಳಿಸಲಾಗಿದೆ, ಇಂಥ ದಿನ, ಇಂಥವರ ಎದುರು" ಅಂತ ಇದ್ದರೆ ಮಾತ್ರ ಬಲಗಡೆ ಬರೆಯಬಹುದು. ಈ ಕೊನೆಯದನ್ನು ಬರೆಯಲು ನಮ್ಮವರಿಗೆ ಬಹಳ ಕಷ್ಟವಾಯಿತು. ಇಲ್ಲ ಅನ್ನುವುದನ್ನು ರಾಜಕಾರಣದಲ್ಲಿ ಯಾರೂ ಕಲಿಸುವುದಿಲ್ಲ.

ಹಳೆಯ ಎರಡು ಗೋಣಿಚೀಲವನ್ನೂ ಬಿಡಲಿಲ್ಲ. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ಒಬ್ಬ ಹುಡುಗಿಯನ್ನು ತಿಂಗಳಿಗೆ 14,000ಕ್ಕೆ ಇಟ್ಟುಕೊಂಡೆವು. ಅವಳ ಅಕ್ಷರ ಮುತ್ತಿನಂತೆ. ಎರಡು ತಿಂಗಳು ಬರೀ ಹಳೆಯ ಅರ್ಜಿ ಬರೆದಳು. 2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆಯ ನೀತಿ ಸಂಹಿತೆ ಬಂತು. ಹೊಸ ಕೆಲಸ ಎಲ್ಲ ಬಂದ್. ಬೇರೆ ಕಚೇರಿಗಳು ಆ ಎರಡೂವರೆ ತಿಂಗಳು ತಣ್ಣಗೆ ಕೂತಿದ್ದವು. ನಾವು ಆ ಹೊತ್ತಿನಲ್ಲೇ ಖತಾವಣಿ ಸರಿ ಮಾಡಿದೆವು. ಯಾವ ಘೋಷಣೆಯೂ ಇಲ್ಲ, ಭರವಸೆಯೂ ಇಲ್ಲ, ಬರೀ ಅರ್ಜಿ ಕೊಟ್ಟವರಿಗೆ ಫೋನ್ ಮಾಡಿ "ನಿಮ್ಮ ಕೆಲಸ ಆತೋ ಇಲ್ಲೋ" ಅಂತ ಕೇಳುವುದು. ಆರುನೂರು ಚಿಲ್ಲರೆ ಬಾಕಿ ಹಾಗೆಯೇ ತೀರಿದವು. ಕೆಲಸ ಆಗಿತ್ತು, ನಮಗೇ ಗೊತ್ತಿರಲಿಲ್ಲ.

ಈಗ ಮುಖ್ಯವಾದ ಮಾತು. ಅರ್ಜಿಯ ವಹಿ ಎಲ್ಲರೂ ಇಡಬಹುದು. ನಾನು ಇನ್ನೊಂದು ಸಣ್ಣ ವಹಿ ಇಟ್ಟೆ. ಅದರಲ್ಲಿ ಜನರ ಅರ್ಜಿ ಇಲ್ಲ. ಸಾಹೇಬರು ವೇದಿಕೆ ಮೇಲೆ ನಿಂತು "ಮಾಡಿಸಿಕೊಡ್ತೀನಿ" ಅಂದ ಪ್ರತಿ ಮಾತು ಇದೆ. ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ಮದುವೆ ಮನೆ, ಗುದ್ದಲಿ ಪೂಜೆ, ಎಲ್ಲಿ ಹೇಳಿದರೂ ಅವತ್ತು ರಾತ್ರಿ ಬರೆದಿಟ್ಟೆ. ಅವರಿಗೆ ಹೇಳದೆ ಬರೆದೆ. ಕೆಲವೇ ತಿಂಗಳಿಗೆ ಇನ್ನೂರ ಹತ್ತರ ಮೇಲೆ ಆಯಿತು.

2024ರ ಜೂನ್‌ನಲ್ಲಿ ಒಂದು ಸಂಜೆ ಹುಬ್ಬಳ್ಳಿಯಿಂದ ಗದಗಿನ ಕಡೆ ಕಾರಿನಲ್ಲಿ ಹೊರಟಿದ್ದೆವು. ಧೈರ್ಯ ಮಾಡಿ ಆ ವಹಿ ತೆಗೆದು ಓದತೊಡಗಿದೆ. ಇಂಥ ಊರು, ಇಂಥ ತಾರೀಖು, ಇಂಥ ಮಾತು. ಒಂದು ಊರಿಗೆ ಸಮುದಾಯ ಭವನ ಎರಡು ಸಲ ಕೊಟ್ಟಿದ್ದರು. ಇನ್ನೊಂದು ಊರಿಗೆ ಪ್ರೌಢಶಾಲೆ ಕೊಟ್ಟಿದ್ದರು, ಆ ಊರಿನಿಂದ ಮೂರು ಕಿಲೋಮೀಟರಿನಲ್ಲೇ ಪ್ರೌಢಶಾಲೆ ಇದೆ. ಓದಿದ್ದು ಇಪ್ಪತ್ತು ನಿಮಿಷ. ಸಾಹೇಬರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕೆಲಸ ಹೋಯಿತು ಅಂದುಕೊಂಡೆ. ಅಣ್ಣಿಗೇರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಕೇಳಿದರು, "ಇದರಾಗ ಎಷ್ಟು ಆಗೂವಂಥವು ಅದಾವ್ರಿ?"

"ತೊಂಬತ್ತರ ಮ್ಯಾಲೆ ಆಗ್ತಾವ್ರಿ ಸಾಹೇಬ್ರ. ಅರವತ್ತು ಎಂದೂ ಆಗೂದಿಲ್ರಿ. ಉಳಿದಿದ್ದು ಗೊತ್ತಿಲ್ರಿ."

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಆಗೂದಿಲ್ಲ ಅನ್ನೂ ಅರವತ್ತು ಊರಿಗೆ ನಾನ ಹೋಗಿ ಹೇಳ್ತೀನಿ. ಇನ್ನ ಮ್ಯಾಲೆ 'ಮಾಡ್ತೀನಿ' ಅನ್ನೂಕಿಂತ ಮೊದಲ ನಿಮ್ಮ ಮಾರಿ ನೋಡ್ತೀನಿ."

ಆ ಮಾತಿಗೆ ಅವರು ನಿಂತರು. ಎಲ್ಲ ಕಡೆಗೂ ಹೋಗಲು ಆಗಲಿಲ್ಲ, ಸುಮಾರು ನಲವತ್ತೈದು ಕಡೆ ಹೋದರು. ಎರಡು ಊರಿನಲ್ಲಿ ಕೂಗಾಡಿದರು. ಒಂದು ಊರಿನಲ್ಲಿ ಹಿರಿಯರೊಬ್ಬರು ಎದ್ದು, "ಆಗೂದಿಲ್ಲ ಅಂತ ಹೇಳಾಕ ಬಂದ ಎಮ್ಮೆಲ್ಲೆನ್ನ ನಾ ಇದ ಮೊದಲ ನೋಡಿದ್ದು" ಅಂದರು. ಆ ಊರಿನಲ್ಲಿ ಈಗ ನಮ್ಮ ಮಾತಿಗೆ ಬೆಲೆ ಇದೆ.

ಇಲ್ಲಿಂದ ಆದ್ಯತೆ ಅನ್ನುವುದು ಭಾಷಣ ಬಿಟ್ಟು ಲೆಕ್ಕಕ್ಕೆ ಬಂತು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ನಿಮಗೆ ಗೊತ್ತು, ಅದು ನಮ್ಮ ಕೈಗೆ ಬರುವುದಿಲ್ಲ. ಜಿಲ್ಲಾಧಿಕಾರಿಗಳ ಮೂಲಕ ಕಂತಿನಲ್ಲಿ ಬರುತ್ತದೆ, ಹಳೆಯದರ ಬಳಕೆ ಪ್ರಮಾಣಪತ್ರ ಕೊಡದಿದ್ದರೆ ಮುಂದಿನದು ಜಗ್ಗುತ್ತದೆ. ಎಪ್ಪತ್ನಾಲ್ಕು ಹಳ್ಳಿಗೆ ಹಂಚಿದರೆ ಹಳ್ಳಿಗೆ 2 ಲಕ್ಷ 70 ಸಾವಿರ. ಖತಾವಣಿಯ ಎಡಗಡೆ ಕೂಡಿಸಿದರೆ ಕೇಳಿದ್ದು ಎಂಬತ್ತು ಕೋಟಿಯ ಆಚೆ ಇತ್ತು. ಅದರಲ್ಲಿ ಸಮುದಾಯ ಭವನದ ಬೇಡಿಕೆಯೇ ಇನ್ನೂರ ನಲವತ್ತು. ಓಣಿಗೊಂದು, ಸಮಾಜಕ್ಕೊಂದು, ಗುಡಿಗೊಂದು.

ಒಂದು ವಾರ ನಾನು ಮತ್ತು ಒಬ್ಬ ನಿವೃತ್ತ ಇಂಜಿನಿಯರ್ ಮೋಟಾರ್ ಸೈಕಲ್ ಮೇಲೆ ತಿರುಗಿ ಅರ್ಧಕ್ಕೆ ನಿಂತ ಭವನಗಳನ್ನು ಎಣಿಸಿದೆವು. ಇಪ್ಪತ್ತಮೂರು. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು 3 ಲಕ್ಷ, 5 ಲಕ್ಷ ಕೊಟ್ಟಿದ್ದು. ಆ ದುಡ್ಡಿಗೆ ಪಾಯ ಮತ್ತು ಕಂಬ ಆಗುತ್ತದೆ, ಸ್ಲ್ಯಾಬ್ ಆಗುವುದಿಲ್ಲ. ಒಂದರಲ್ಲಿ ಬಣವೆ ಒಟ್ಟಿದ್ದರು, ಇನ್ನೊಂದರಲ್ಲಿ ಎಮ್ಮೆ ಕಟ್ಟಿದ್ದರು. ಎರಿ ಮಣ್ಣಿನಲ್ಲಿ ಪಾಯ ಸೀಳಿದ್ದು ಐದಾರು. ಅವನ್ನು ಕೆಡವುವುದೇ ವಾಸಿ ಅಂದರು ಇಂಜಿನಿಯರ್. ಸಾಹೇಬರು ಒಂದು ನಿರ್ಧಾರ ಮಾಡಿದರು. ಎರಡು ವರ್ಷ ಹೊಸ ಭವನಕ್ಕೆ ಒಂದು ರೂಪಾಯಿ ಇಲ್ಲ. ಮುಗಿಯುವಂಥ ಹದಿನೇಳನ್ನು ಮುಗಿಸುವುದು, ಉಳಿದಿದ್ದು ಶಾಲೆಯ ಸೋರುವ ಕೋಣೆ ಮತ್ತು ಹೊಲದ ದಾರಿ.

ಹೊಲದ ದಾರಿಯ ಬಗ್ಗೆ ಎರಡು ಮಾತು ಜಾಸ್ತಿ ಬರೆಯುತ್ತೇನೆ. ಎರಿ ಹೊಲದಲ್ಲಿ ಒಂದು ಮಳೆಯಾದರೆ ಚಕ್ಕಡಿ ಹೋಗುವುದಿಲ್ಲ, ಟ್ರ್ಯಾಕ್ಟರ್ ಹುಗಿಯುತ್ತದೆ. ಬೆಳೆದ ಹೆಸರನ್ನು ತಲೆ ಮೇಲೆ ಹೊತ್ತು ತರಬೇಕು. ಗರಸು, ಅಂದರೆ ಗಟ್ಟಿ ಜಲ್ಲಿಮಣ್ಣು ಹಾಕಿದ ದಾರಿಗೆ ನಮ್ಮ ಕಡೆ ಕಿಲೋಮೀಟರಿಗೆ ಏಳೆಂಟು ಲಕ್ಷ ಬೇಕಾಯಿತು. ಉದ್ಯೋಗ ಖಾತ್ರಿಯ ಕೂಲಿ ಜೋಡಿಸಿದ ಕಡೆ ನಮ್ಮ ನಿಧಿಯಿಂದ ಮೂರು ಲಕ್ಷದಲ್ಲೂ ಮುಗಿದಿದೆ. ಆದರೆ ಮೊದಲ ದಾರಿ ಕೆಟ್ಟಿತು. ಪಕ್ಕಕ್ಕೆ ಗಟಾರ ತೆಗೆಯಲಿಲ್ಲ, ಗರಸು ಒಂದೇ ಮಳೆಗಾಲಕ್ಕೆ ಮಣ್ಣಿನಲ್ಲಿ ಇಳಿದುಹೋಯಿತು. ನಾಲ್ಕು ಲಕ್ಷ ಮಣ್ಣುಪಾಲು. ಈಗ ಮೊದಲು ಗಟಾರ, ಆಮೇಲೆ ದಾರಿ. ಇಬ್ಬರು ರೈತರ ನಡುವೆ ಬದುವಿನ ಜಗಳ ಇದ್ದರೆ ಅದು ಮುಗಿಯುವತನಕ ಆ ದಾರಿಯ ಎಸ್ಟಿಮೇಟನ್ನೇ ಮಾಡಿಸುವುದಿಲ್ಲ.

ಪಿಂಚಣಿ. ಮೊದಲ ವರ್ಷ ಕಿರ್ದಿಗೆ ಬಂದ ಸುಮಾರು 4,200 ಅರ್ಜಿಯಲ್ಲಿ 950ರಷ್ಟು "ಪಗಾರ ಬಂದಿಲ್ಲ" ಅನ್ನುವವು. ನಮ್ಮ ಕಡೆ ಅಜ್ಜ ಅಜ್ಜಿಯರು ವೃದ್ಧಾಪ್ಯ ವೇತನಕ್ಕೆ ಪಗಾರ ಅಂತಲೇ ಅನ್ನುತ್ತಾರೆ. ಅಲ್ಲಿಯತನಕ ನಾವು ಮಾಡುತ್ತಿದ್ದದ್ದು ತಹಶೀಲ್ದಾರ್ ಕಚೇರಿಗೆ ಪತ್ರ. ಖತಾವಣಿಯಲ್ಲಿ ಸಾಲಾಗಿ ನೋಡಿದಾಗ ಒಂದು ಊರಿನಲ್ಲಿ ಒಂದೇ ತಿಂಗಳಲ್ಲಿ ಹದಿನೆಂಟು ಜನರಿಗೆ ನಿಂತಿದ್ದು ಕಂಡಿತು. ಅದೇ ತಿಂಗಳು ಆ ಊರಿನಲ್ಲಿ ಒಂದು ಬ್ಯಾಂಕಿನವರು ಬಂದು ಹೊಸ ಖಾತೆ ತೆರೆದಿದ್ದರು. ವಿಷಯ ಅಲ್ಲೇ ಇತ್ತು. ಸರ್ಕಾರದ ದುಡ್ಡು ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಅಜ್ಜಿ ಹಳೆಯ ಪಾಸ್‌ಬುಕ್ ಹಿಡಿದು ಹಳೆಯ ಬ್ಯಾಂಕಿಗೆ ಹೋಗುತ್ತಾಳೆ. ದುಡ್ಡು ಹೊಸ ಖಾತೆಯಲ್ಲಿ ಕೂತಿರುತ್ತದೆ.

ಒಬ್ಬ ಹುಡುಗನಿಗೆ ಲ್ಯಾಪ್‌ಟಾಪ್ ಕೊಟ್ಟು ವಾರಕ್ಕೆ ಎರಡು ಊರಿಗೆ ಕಳಿಸಿದೆವು. ಬರೀ ಜೋಡಣೆ ಯಾವ ಬ್ಯಾಂಕಿಗಿದೆ ಅಂತ ನೋಡಿ ಹೇಳುವುದು. ಒಬ್ಬ ಅಜ್ಜಿಗೆ ಹನ್ನೊಂದು ತಿಂಗಳ ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200ರಂತೆ 13,200 ಅವಳಿಗೆ ಗೊತ್ತಿಲ್ಲದ ಖಾತೆಯಲ್ಲಿ ಸಿಕ್ಕಿತು. ಆಕೆ ನಮ್ಮ ಕಚೇರಿಗೆ ನಾಲ್ಕು ಸಲ ಬಂದು ಹೋಗಿದ್ದಳು. ನಾಲ್ಕು ಸಲವೂ ನಾವು ಪತ್ರ ಕೊಟ್ಟು ಕಳಿಸಿದ್ದೆವು. "ಯಪ್ಪಾ, ರೊಕ್ಕ ಇದ್ದೂ ನಾ ಉಪಾಸ ಇದ್ನೇನೋ" ಅಂದಳು. ಆ ಮಾತು ನಾನು ಮರೆಯುವುದಿಲ್ಲ. 950ರಲ್ಲಿ ಆರುನೂರರ ಸಮೀಪ ಹೀಗೆಯೇ ತೀರಿದವು, ಒಂದೂ ಪತ್ರ ಇಲ್ಲದೆ.

ಬಸ್ಸಿನದು ಬೇರೆ ಕತೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಓಡಾಟ ಜಾಸ್ತಿಯಾಯಿತು. ಒಳ್ಳೆಯದೇ. ಆದರೆ ಬೆಳಗಿನ ಬಸ್ ಮೊದಲ ಎರಡು ಊರಿನಲ್ಲೇ ತುಂಬಿ, ಮುಂದಿನ ಊರಿನ ಕಾಲೇಜು ಹುಡುಗರಿಗೆ ನಿಲ್ಲುತ್ತಿರಲಿಲ್ಲ. ಮೂವತ್ತೊಂದು ಊರಿನ ಖಾತೆಯಲ್ಲಿ ಒಂದೇ ದೂರು. ಎಲ್ಲರೂ ಕೇಳಿದ್ದು ಹೊಸ ಬಸ್. ಹೊಸ ಬಸ್ ಕೇಳಿದರೆ ಉತ್ತರ ಎಂದಿನದೇ, ಬಸ್ಸಿಲ್ಲ, ಚಾಲಕರಿಲ್ಲ. ಆರು ದಿನ ಮೂರು ನಿಲ್ದಾಣದಲ್ಲಿ ಹುಡುಗರನ್ನು ನೋಟ್‌ಬುಕ್ ಕೊಟ್ಟು ನಿಲ್ಲಿಸಿದೆ. ಏಳರಿಂದ ಒಂಬತ್ತೂವರೆ. ಎಷ್ಟು ಜನ ಹತ್ತಿದರು, ಎಷ್ಟು ಜನ ಉಳಿದರು, ಬಸ್ ಎಷ್ಟಕ್ಕೆ ಬಂತು. ದಿನಕ್ಕೆ ಹುಡುಗನಿಗೆ 200 ರೂಪಾಯಿ ಮತ್ತು ನಾಷ್ಟಾ. ಎಣಿಸಿ ನೋಡಿದರೆ, ತುಂಬಿದ ಬಸ್ಸಿನ ಹಿಂದೆ ಇಪ್ಪತ್ತೈದು ನಿಮಿಷಕ್ಕೆ ಇನ್ನೊಂದು ಬಸ್ ಬರುತ್ತಿತ್ತು, ಮುಕ್ಕಾಲು ಖಾಲಿ. ಅದನ್ನು ಹಿಡಿದರೆ ಕಾಲೇಜಿನ ಮೊದಲ ಪಿರಿಯಡ್ ತಪ್ಪುತ್ತಿತ್ತು, ಅಷ್ಟೇ. ಡಿಪೊದವರ ಮುಂದೆ ಆ ನೋಟ್‌ಬುಕ್ ಇಟ್ಟೆವು. ಹಿಂದಿನ ಬಸ್ ಇಪ್ಪತ್ತು ನಿಮಿಷ ಮುಂಚೆ ಬಿಡಲು ಒಪ್ಪಿದರು. ಒಂದು ಕಾಲೇಜಿನವರು ಮೊದಲ ಗಂಟೆಯನ್ನು ಹತ್ತು ನಿಮಿಷ ತಡವಾಗಿ ಹೊಡೆಯತೊಡಗಿದರು. ಹೊಸ ಬಸ್ ಇಲ್ಲದೆ ಹನ್ನೆರಡು ಊರಿನ ಬಾಕಿ ತೀರಿತು. ಡಿಪೊದಲ್ಲಿ ಮೊದಲು ಯಾರ ಹತ್ತಿರ ಕೂತು ಮಾತಾಡಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಾನು ದುಡಿದು ಕಲಿತದ್ದು, ಎದುರಿಗೆ ಸಿಕ್ಕರೆ ಹೇಳುತ್ತೇನೆ.

ಇನ್ನು ಸದನದ ಪ್ರಶ್ನೆ. ಇದರಲ್ಲಿ ನಾವು ಒಂದು ಸಲ ಚೆನ್ನಾಗಿ ಎಡವಿದ್ದೇವೆ. ನಮ್ಮ ಕಡೆ ಹೆಸರುಕಾಳು ಆಗಸ್ಟ್ ಕೊನೆಗೆ ಕೈಗೆ ಬರುತ್ತದೆ. ಸಾಲಗಾರ ರೈತ ಕಾಯುವುದಿಲ್ಲ, ಸಿಕ್ಕ ಧಾರಣೆಗೆ ಮಾರುತ್ತಾನೆ. ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ಅವನ ಚೀಲ ಖಾಲಿ. ಸೆಪ್ಟೆಂಬರ್‌ನ ಕಿರ್ದಿ ತುಂಬ ಇದೇ. 2024ರ ಜುಲೈ ಅಧಿವೇಶನಕ್ಕೆ ನಾನು ಬರೆದ ಪ್ರಶ್ನೆ ಹೀಗಿತ್ತು: ಸಕಾಲದಲ್ಲಿ ಖರೀದಿ ಕೇಂದ್ರ ತೆರೆಯಲು ಕ್ರಮ ಕೈಗೊಳ್ಳಲಾಗುವುದೇ? ಉತ್ತರ ಒಂದು ಸಾಲು, ಕ್ರಮ ಕೈಗೊಳ್ಳಲಾಗುವುದು. ನಾನೇ ಕೇಳಿ ಇಸಕೊಂಡ ಉತ್ತರ ಅದು.

ಅದೇ ಡಿಸೆಂಬರ್‌ನಲ್ಲಿ ಬೆಳಗಾವಿಗೆ ಬೇರೆ ಥರ ಬರೆದೆ. ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರವಷ್ಟೇ ಬರುವ ಪ್ರಶ್ನೆಯೇ ಸಾಕು ಅಂದುಕೊಂಡೆ. ಸಾಹೇಬರಿಗೆ ಎದ್ದು ನಿಂತು ಮಾತಾಡುವ ಅವಕಾಶ ಸಿಗದಿದ್ದರೂ ನಡೆಯುತ್ತದೆ, ನನಗೆ ಬೇಕಾಗಿದ್ದು ಕಾಗದದ ಮೇಲಿನ ತಾರೀಖು. (ಅ) ಯಾವ ದಿನ ಪ್ರಸ್ತಾವನೆ ಕಳಿಸಲಾಯಿತು. (ಆ) ಯಾವ ದಿನ ನೋಂದಣಿ ಶುರು. (ಇ) ಕೇಂದ್ರವಾರು ಯಾವ ದಿನ ಮೊದಲ ಚೀಲ ತೂಗಲಾಯಿತು. (ಈ) ನೋಂದಣಿಯಾದ ಎಷ್ಟು ರೈತರ ಮಾಲು ತೆಗೆದುಕೊಂಡಿಲ್ಲ, ಕಾರಣವೇನು. ಹಂಗಾಮು ಮುಗಿದ ಮೇಲೆ ಕೇಳಿದರೆ ತಾರೀಖು ಸಿಗುತ್ತದೆ. ಹಂಗಾಮಿಗೆ ಮೊದಲು ಕೇಳಿದರೆ ಭರವಸೆ ಸಿಗುತ್ತದೆ. ನೋಟಿಸ್ ಕೊಡುವವರು ಇದನ್ನೊಂದು ನೆನಪಿಡಿ.

ಉತ್ತರದ ಅನುಬಂಧದಲ್ಲಿ ಬಂದ ಕಾರಣಗಳನ್ನು ನಮ್ಮ ಖತಾವಣಿಗೆ ಹೋಲಿಸಿದೆ. ದೊಡ್ಡ ಕಾರಣ ಕೇಂದ್ರ ತಡವಾದದ್ದು ಒಂದೇ ಅಲ್ಲ. ಬೆಳೆ ಸಮೀಕ್ಷೆಯಲ್ಲಿ ಹೆಸರುಕಾಳಿನ ಬದಲು ಹತ್ತಿ, ಗೋವಿನಜೋಳ ಅಂತ ದಾಖಲಾಗಿತ್ತು. ಫ್ರೂಟ್ಸ್ ಐಡಿಯಲ್ಲಿ, ಅಂದರೆ ರೈತರ ನೋಂದಣಿ ಸಂಖ್ಯೆಯಲ್ಲಿ ಎಲ್ಲ ಸರ್ವೆ ನಂಬರ್ ಸೇರಿರಲಿಲ್ಲ. ರೈತನಿಗೆ ಅದು ಗೊತ್ತಾಗುವುದು ಚೀಲ ಹೇರಿಕೊಂಡು ಕೇಂದ್ರದ ಬಾಗಿಲಿಗೆ ಹೋದಾಗ. ಅದಕ್ಕೆ 2025ರ ಹಂಗಾಮಿನಲ್ಲಿ ನಾವು ಮೊದಲೇ ಊರೂರಿಗೆ ಹುಡುಗರನ್ನು ಕಳಿಸಿದೆವು. ಬೆಳೆ ದರ್ಶಕ್ ಆ್ಯಪ್ ತೆಗೆದು ರೈತನ ಮುಂದೆಯೇ ತೋರಿಸುವುದು, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಿಸುವುದು. ಸುಮಾರು ಹದಿನೆಂಟು ನೂರು ರೈತರದು ನೋಡಿದೆವು, ನಾನೂರರಲ್ಲಿ ತಪ್ಪು ಸಿಕ್ಕಿತು. ಆ ವರ್ಷ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768, ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ. ಆಗಸ್ಟ್ ಮಳೆ ಬಹಳಷ್ಟು ಹೆಸರನ್ನು ಹೊಲದಲ್ಲೇ ಕಪ್ಪು ಮಾಡಿತು. ತೇವಾಂಶ ಶೇಕಡಾ ಹನ್ನೆರಡರ ಮೇಲೆ ಇದ್ದರೆ ಕೇಂದ್ರದಲ್ಲಿ ತೆಗೆದುಕೊಳ್ಳುವುದಿಲ್ಲ. ನಾವು ಅಂದುಕೊಂಡಷ್ಟು ರೈತರಿಗೆ ಲಾಭ ಆಗಲಿಲ್ಲ. ಆದರೆ ದಾಖಲೆ ತಪ್ಪಿದೆ ಅಂತ ತಿರುಗಿ ಬಂದವರು ಆ ನಾನೂರರಲ್ಲಿ ಬೆರಳೆಣಿಕೆ.

ಮಧ್ಯೆ ಕೆಲವು ಪ್ರಯೋಗವನ್ನೂ ಮಾಡಿದೆ. ಒಂದು ಪೋಸ್ಟ್‌ಕಾರ್ಡ್. ಕೆಲಸ ಆದರೂ ಆಗದಿದ್ದರೂ ಐವತ್ತು ಪೈಸೆಯ ಕಾರ್ಡಿನಲ್ಲಿ ನಾಲ್ಕು ಸಾಲು, ವಹಿಯ ಪುಟ ನಂಬರ್ ಸಮೇತ. ಈ ಕಾಲದಲ್ಲಿ ಕಾರ್ಡ್ ಯಾರು ಓದುತ್ತಾರೆ ಅಂತ ಎಲ್ಲರೂ ಹೇಳಿದರು. ಜನ ಅದನ್ನು ಪಾಸ್‌ಬುಕ್ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳುತ್ತಾರೆ. ಮುಂದಿನ ಸಲ ಬಂದಾಗ ಅದನ್ನೇ ತೋರಿಸುತ್ತಾರೆ, ನಮಗೆ ಪುಟ ಹುಡುಕುವ ಕೆಲಸ ತಪ್ಪುತ್ತದೆ. ವರ್ಷಕ್ಕೆ ಐದು ಸಾವಿರ ಕಾರ್ಡ್, ಎರಡೂವರೆ ಸಾವಿರ ರೂಪಾಯಿ. ನಾನು ಮಾಡಿದ್ದರಲ್ಲಿ ಇದಕ್ಕಿಂತ ಸೋವಿಯ ಕೆಲಸ ಇನ್ನೊಂದಿಲ್ಲ.

ಇನ್ನೊಂದು, ಊರಿನ ಬಾಕಿಯನ್ನು ಗೋಡೆ ಮೇಲೆ ಬರೆಸಿದ್ದು. ಗೋಡೆಗೆ 350 ರೂಪಾಯಿಯಂತೆ ಒಂಬತ್ತು ಊರಿನಲ್ಲಿ ಬರೆಸಿದೆ. ಎದುರು ಪಕ್ಷದವರು ಅದರ ಫೋಟೊ ತೆಗೆದು "ನೋಡ್ರಿ, ಅವರ ಕೈಲಿ ಆಗದ ಕೆಲಸ ಅವರ ಬರದಾರ" ಅಂತ ಹಂಚಿದರು. ನಮ್ಮ ಕಾರ್ಯಕರ್ತರು ಸುಣ್ಣ ಬಳಿಯಲು ಹೊರಟರು. ಸಾಹೇಬರು ಬೇಡ ಅಂದರು. ಒಂಬತ್ತು ಗೋಡೆ ಹಾಗೇ ಉಳಿದವು, ಹೊಸದು ಬರೆಸಲಿಲ್ಲ. ಬಾಕಿ ಬದಲಾದಾಗಲೆಲ್ಲ ಪೇಂಟರ್ ಕರೆಸುವುದು ನಮಗೆ ನೀಗಲಿಲ್ಲ.

ಖರ್ಚು ಕೇಳಿದವರಿಗೆ: ಹುಡುಗಿಯ ಪಗಾರ, ಲ್ಯಾಪ್‌ಟಾಪ್ ಹುಡುಗ, ಪೆಟ್ರೋಲ್, ಕಾರ್ಡು, ವಹಿ ಎಲ್ಲ ಸೇರಿ ವರ್ಷಕ್ಕೆ ನಾಲ್ಕೂವರೆ ಲಕ್ಷದ ಹತ್ತಿರ. ಬಂದವರ ಚಹಾ ಬೇರೆ, ಅದು ತಿಂಗಳಿಗೆ ಹತ್ತು ಸಾವಿರ ಹಿಡಿಯಿರಿ. ಇದೆಲ್ಲ ಸಾಹೇಬರ ಸ್ವಂತದ್ದು. ಮೊದಲ ವರ್ಷ ಫ್ಲೆಕ್ಸ್, ಬ್ಯಾನರಿಗೇ ಆರು ಲಕ್ಷ ಹೋಗಿತ್ತು. ಅದನ್ನು ನಿಲ್ಲಿಸಿದರು, ಇದು ಅದರಲ್ಲೇ ನಡೆಯುತ್ತಿದೆ.

ಪತ್ರ ಈಗ ವಾರಕ್ಕೆ ಹತ್ತು ಮೀರುವುದಿಲ್ಲ. ನಿಜವಾಗಿ ಅರ್ಜೆಂಟ್ ಇರುವ ಪತ್ರಕ್ಕೆ ಒಂದು ಗುರುತು ಇದೆ, ತಾಲ್ಲೂಕಿನ ಅಧಿಕಾರಿಗಳಿಗೆ ಅದು ಗೊತ್ತಿದೆ. ಗುರುತು ಏನು ಅಂತ ಬರೆದರೆ ನಾಳೆ ಅಂಥ ನೂರು ಪತ್ರ ಹುಟ್ಟುತ್ತವೆ. ಅದನ್ನೂ ಬಿಟ್ಟಿದ್ದೇನೆ.

ಎರಡನೆಯ ಪಾಡ್ಯಕ್ಕೆ ಸುಮಾರು 2,300 ಬಾಕಿ ಮುಂದಕ್ಕೆ ತಂದಿದ್ದೆವು. 2025ರ ಅಕ್ಟೋಬರಿನ ಪಾಡ್ಯಕ್ಕೆ ತಂದಿದ್ದು 1,150ರ ಒಳಗೆ. ಹೊಸ ಅರ್ಜಿಗಳು ಬರುತ್ತಲೇ ಇದ್ದೂ ಇಷ್ಟು ಇಳಿದಿದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಉಳಿದಿದ್ದರಲ್ಲಿ ದೊಡ್ಡದು ಪೋಡಿ, ಅಂದರೆ ಜಂಟಿ ಜಮೀನನ್ನು ಅಳೆದು ಒಬ್ಬೊಬ್ಬರ ಹೆಸರಿಗೆ ಬೇರೆ ಮಾಡುವುದು. ಮುತ್ತಜ್ಜನ ಹೆಸರಿನ ಒಂದೇ ಉತಾರದಲ್ಲಿ (ಪಹಣಿಯಲ್ಲಿ) ಹದಿನಾರು ಜನ. ವಾಟ್ನಿ, ಅಂದರೆ ಪಾಲು ಬಾಯಿಮಾತಿನಲ್ಲಿ ಆಗಿದೆ, ಕಾಗದದಲ್ಲಿ ಇಲ್ಲ. ಇಬ್ಬರು ಮುಂಬೈಯಲ್ಲಿ, ಒಬ್ಬ ಗೋವಾದಲ್ಲಿ, ಒಬ್ಬನಿಗೆ ಸಿಟ್ಟು. ಅಳೆಯಲು ಬಂದವರು ಸಹಿ ಇಲ್ಲದೆ ತಿರುಗಿ ಹೋಗುತ್ತಾರೆ. ಇಂಥವು 212 ಇವೆ, ಮೂರೂ ವರ್ಷದ ವಹಿಯಲ್ಲಿ ಹಾಗೆಯೇ ಮುಂದಕ್ಕೆ ಬಂದಿವೆ. ಯುಗಾದಿಗೆ ಊರಿಗೆ ಬರುವವರನ್ನು ಹಿಡಿದು ಒಂದೇ ದಿನ ಕೂರಿಸುವ ಪ್ರಯತ್ನ ಒಂದು ಊರಿನಲ್ಲಿ ಮಾಡಿದೆವು, ಏಳರಲ್ಲಿ ಎರಡು ಇತ್ಯರ್ಥವಾದವು. ಮುಂದಿನ ಯುಗಾದಿಗೆ ಇನ್ನೂ ನಾಲ್ಕು ಊರಿನಲ್ಲಿ ಮಾಡುತ್ತೇವೆ. ನಿಮ್ಮ ಕ್ಷೇತ್ರದಲ್ಲಿ ಪೋಡಿಗೆ ಯಾರಾದರೂ ದಾರಿ ಕಂಡುಕೊಂಡಿದ್ದರೆ ಮುಂದಿನ ಅಧಿವೇಶನದಲ್ಲಿ ನನ್ನನ್ನು ಹುಡುಕಿ. ವಹಿ ನನ್ನ ಚೀಲದಲ್ಲೇ ಇರುತ್ತದೆ.